ಕತ್ತಿಯ ಮೇಲೆ 18 ಅಕ್ಷರ

ಇಂಗ್ಲೆಂಡಿನ ಒಂದು ಮ್ಯೂಸಿಯಂನಲ್ಲಿ ಹಳೇ ಲೋಹದ ವಸ್ತುಗಳ ವಿವರ ದಾಖಲಿಸುವುದು ನನ್ನ ಕೆಲಸ. ಕತ್ತಿ ಅಂದ ಕೂಡಲೇ ಎಲ್ಲರ ಕಣ್ಣು ಹಿಡಿಯ ಮೇಲೆ. ನಮ್ಮ ಕಣ್ಣು ಮಾತ್ರ ಅಲಗಿನ ನಡುವಿನ ತಗ್ಗಿನ ಮೇಲೆ. ಅಕ್ಷರ ಕೆತ್ತುತ್ತಿದ್ದದ್ದು ಅಲ್ಲಿ.

ಕೆಲಸಕ್ಕೆ ಹೊಸಬರು ಬಂದರೆ ಮೊದಲು ವಿದಮ್ ನದಿಯ ಕತ್ತಿಯ ಫೋಟೋ ಕೊಡುತ್ತೇನೆ. 13ನೇ ಶತಮಾನದ್ದು, 1825ರಲ್ಲಿ ಲಿಂಕನ್ ಊರಿನ ಹತ್ತಿರ ಸಿಕ್ಕಿತು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಚಿನ್ನದ ತಂತಿ ಕೂರಿಸಿದ 18 ಅಕ್ಷರ, ಎರಡೂ ತುದಿಗೆ ಶಿಲುಬೆ: ಎನ್ ಡಿ ಎಕ್ಸ್ ಒ ಎಕ್ಸ್ ಸಿ ಎಚ್ ಡಬ್ಲ್ಯೂ ಡಿ ಆರ್ ಜಿ ಎಚ್ ಡಿ ಎಕ್ಸ್ ಒ ಆರ್ ವಿ ಐ. 2015ರಲ್ಲಿ ಬ್ರಿಟಿಷ್ ಲೈಬ್ರರಿ ಇದನ್ನು ಪ್ರದರ್ಶನಕ್ಕಿಟ್ಟು, ಅಕ್ಷರಗಳ ಅರ್ಥ ಗೊತ್ತಿದ್ದರೆ ಹೇಳಿ ಅಂತ ಜನರನ್ನೇ ಕೇಳಿತು. ಉತ್ತರಗಳು ರಾಶಿ ಬಂದವು. ಎಲ್ಲರೂ ಒಪ್ಪುವಂಥದ್ದು ಸಿಗಲಿಲ್ಲ.

ಶುರುವಿನ ಎನ್ ಡಿ ಕಂಡರೆ ಲ್ಯಾಟಿನ್‌ನ 'ನೋಮಿನೆ ಡೊಮಿನಿ', ಅಂದರೆ ದೇವರ ಹೆಸರಿನಲ್ಲಿ, ಅನ್ನಲು ನಾಲಿಗೆ ತುರಿಸುತ್ತದೆ. ಸುಮ್ನೆ ಊಹೆಯಲ್ಲ, ಆ ಮಾತನ್ನು ಪೂರ್ತಿ ಬರೆದ ಕತ್ತಿಗಳೂ ಇವೆ. ಆದರೆ ಪ್ರಾರ್ಥನೆ ಅಂತ ಒಮ್ಮೆ ತಲೆಗೆ ಹೋದರೆ, ತುಕ್ಕು ತಿಂದ ಸಿ ನಮಗೆ ಬೇಕಾದ ಅಕ್ಷರವಾಗಿಯೇ ಕಾಣುತ್ತದೆ!

ಅದಕ್ಕೇ ನಮ್ಮ ಹಾಳೆಯಲ್ಲಿ ಎರಡು ಕಾಲಂ. ಎಡಕ್ಕೆ ಕಂಡದ್ದಷ್ಟೇ. ಸಿಯೋ ಜಿಯೋ ಅನುಮಾನವಿದ್ದರೆ ಅಕ್ಷರದ ಕೆಳಗೊಂದು ಚುಕ್ಕೆ. ನಮ್ಮ ಶಾಸನ ಸಂಪುಟಗಳಲ್ಲಿ ಸರಿಯಾಗಿ ಕಾಣದ ಅಕ್ಷರಕ್ಕೆ ಆವರಣ ಹಾಕುತ್ತಾರಲ್ವಾ, ಹಾಗೆ. ತಂತಿ ಉದುರಿದ್ದರೆ ಪಕ್ಕದಿಂದ ಲೈಟ್ ಹಿಡಿದು ಗೀರು ಹುಡುಕುತ್ತೇವೆ. ಊಹೆ ಏನಿದ್ದರೂ ಬಲಗಡೆಗೆ. ಎಡ ಕಾಲಂ ಬರೀ ಒಣ ಕೆಲಸ ಅನ್ನಿಸಬಹುದು. ಆದರೆ ವಿದಮ್ ಕತ್ತಿಯಲ್ಲಿ 'ಡಿ ಎಕ್ಸ್ ಒ' ಎರಡು ಸಲ ಬರುವುದು ಕಣ್ಣಿಗೆ ಬೀಳುವುದು ಅಲ್ಲೇ. ಅರ್ಥದ ಹಿಂದೆ ಓಡುವವರು ಅದನ್ನು ದಾಟಿಕೊಂಡು ಹೋಗಿಬಿಡುತ್ತಾರೆ.

ತಿದ್ದುವ ಚಟ ಇನ್ನೂ ಜಾಸ್ತಿ ಅಪಾಯ. 9ರಿಂದ 11ನೇ ಶತಮಾನದ ಉಲ್ಫ್‌ಬರ್ಟ್ ಕತ್ತಿಗಳು, ಅಂದರೆ ಅಲಗಿನ ಮೇಲೆ ಶಿಲುಬೆಗಳ ಜೊತೆ ಆ ಹೆಸರಿರುವ ಯುರೋಪಿನ ಕತ್ತಿಗಳು, ಅವುಗಳ ಅಕ್ಷರ ಕಬ್ಬಿಣದ್ದೇ. ಎಷ್ಟೋ ಸಲ ಎಕ್ಸ್‌ರೇ ತೆಗೆದರೇ ಕಾಣುವುದು. ಹೆಸರಿನ ಎರಡನೇ ಶಿಲುಬೆ ಕೆಲವು ಕತ್ತಿಗಳಲ್ಲಿ ಕೊನೆಯ ಟಿಗೆ ಮುಂಚೆ ಇದೆ, ಕೆಲವದರಲ್ಲಿ ಟಿ ಆದಮೇಲೆ. ಕಮ್ಮಾರನ ಕೈತಪ್ಪು ಅಂದುಕೊಂಡು ಎಲ್ಲವನ್ನೂ ಒಂದೇ ಥರ ಬರೆದುಬಿಡಲು ಯಾರಿಗಾದರೂ ಮನಸ್ಸಾಗುತ್ತದೆ. ಆದರೆ ಲೋಹತಜ್ಞ ಅಲನ್ ವಿಲಿಯಮ್ಸ್ ಈ ಅಲಗುಗಳ ಲೋಹ ಪರೀಕ್ಷಿಸಿದಾಗ, ಟಿಗೆ ಮುಂಚೆ ಶಿಲುಬೆ ಇರುವ ಗುಂಪಿನಲ್ಲೇ ಹೆಚ್ಚು ಇಂಗಾಲದ ಒಳ್ಳೇ ಉಕ್ಕು ಜಾಸ್ತಿ ಕಂಡಿತು.