ಕೈಯಲ್ಲೇ ನಡೆಸುವ ಕಾರು

ಪೋಲಿಯೋದಿಂದ ನನ್ನ ಎರಡೂ ಕಾಲುಗಳು ಬಲ ಕಳೆದುಕೊಂಡಿರುವುದರಿಂದ, ಕಾರು ಕೊಳ್ಳಲೆಂದು ತುಮಕೂರಿನ ಬಿ.ಎಚ್. ರಸ್ತೆಯ ಮಳಿಗೆಗಳನ್ನು ಸುತ್ತುವಾಗ ನಾನು ಮೊದಲು ನೋಡಿದ್ದು ಮೈಲೇಜನ್ನಲ್ಲ, ಸೀಟಿನ ಎತ್ತರವನ್ನು. ವೀಲ್‌ಚೇರಿನಿಂದ ಅಂಗೈ ಊರಿ ಜರುಗುವವರಿಗೆ ಸೀಟು ನಾಲ್ಕು ಬೆರಳು ಎತ್ತರವಾದರೂ ಭುಜ ಸೋಲುತ್ತದೆ. ಒಂದು ಮಳಿಗೆಯಲ್ಲಿ ನನ್ನ ಪ್ರಶ್ನೆಗಳಿಗೆಲ್ಲ ಉತ್ತರವನ್ನು ನನ್ನ ತಮ್ಮನಿಗೇ ಹೇಳಿದರು. ಅದು ಇಂದಿಗೂ ನೋಯುತ್ತದೆ.

ಎಡಗಾಲು ಮಾತ್ರ ದುರ್ಬಲವಾಗಿರುವವರಿಗೆ ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರೇ ಬಹುಮಟ್ಟಿಗೆ ಸಾಕಾಗುತ್ತದೆ. ನನ್ನಂಥವರು ಅದಕ್ಕೆ ಕೈ ನಿಯಂತ್ರಣವನ್ನು ಜೋಡಿಸಿಕೊಳ್ಳಬೇಕು: ನಾನು ಆರಿಸಿಕೊಂಡದ್ದರಲ್ಲಿ ಸ್ಟೀರಿಂಗ್ ಪಕ್ಕದ ಲಿವರನ್ನು ಮುಂದಕ್ಕೆ ಒತ್ತಿದರೆ ಬ್ರೇಕ್, ನಮ್ಮತ್ತ ಎಳೆದರೆ ಆಕ್ಸಿಲರೇಟರ್. ಈ ಮಾರ್ಪಾಡನ್ನು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಲೇಬೇಕು.

ಸಿಎನ್‌ಜಿ ಕಾರು ಅಗ್ಗವಾಗಿ ಓಡುತ್ತದೆಂದು ಹಲವರು ಹೇಳಿದರು. ಆದರೆ ನಾನು ನೋಡಿದ ಕಾರಿನಲ್ಲಿ ಸಿಲಿಂಡರೇ ಡಿಕ್ಕಿಯನ್ನು ತುಂಬಿಕೊಂಡಿದ್ದರಿಂದ, ಮಡಚಿದ ವೀಲ್‌ಚೇರಿಗೆ ಅಲ್ಲಿ ಜಾಗವೇ ಉಳಿದಿರಲಿಲ್ಲ.