ನೋಟಿಸ್ ಕೊಟ್ಟ ಮಾತ್ರಕ್ಕೆ ಬಾಡಿಗೆ ಮನೆ ಖಾಲಿಯಾಗುವುದಿಲ್ಲ

ಶಿವಮೊಗ್ಗದ ವಿನೋಬನಗರದ ಮಹಡಿ ಮನೆಯಿರಲಿ, ಸಾಗರದ ಹಳೇ ಹೆಂಚಿನ ಮನೆಯಿರಲಿ, ಮಾಲೀಕರಿಗೂ ಬಾಡಿಗೆದಾರರಿಗೂ ಮಾತು ಬಿಗಡಾಯಿಸಿದ ಕೂಡಲೇ ಕೇಳಿಬರುವುದು ‘ರೆಂಟ್ ಕಂಟ್ರೋಲ್’ ಎಂಬ ಹೆಸರು. ಆ ಹೆಸರಿನ 1961ರ ಕಾಯ್ದೆ ಈಗ ಜಾರಿಯಲ್ಲಿಲ್ಲ. ಅದರ ಜಾಗಕ್ಕೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999 ಕೂಡ ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳು ಅದರ ವ್ಯಾಪ್ತಿಯ ಹೊರಗೆ. ಅಂಗಡಿಯಾದರೆ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ದಾಟಿದರೂ ಹೊರಗೆ. ಶಿವಮೊಗ್ಗದಲ್ಲಿ ಇವತ್ತು ಎರಡು ಸಾವಿರಕ್ಕೆ ಮನೆ ಎಲ್ಲಿ ಸಿಗುತ್ತದೆ? ಹಾಗಾಗಿ ಇಲ್ಲಿನ ಬಹುಪಾಲು ಮನೆಗಳನ್ನು ಆಳುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ವಕೀಲರ ಬಾಯಲ್ಲಿ ‘ಟಿ.ಪಿ. ಆ್ಯಕ್ಟ್’. ಇದು ಗೊತ್ತಿಲ್ಲದೆ ಮಾತಾಡಿದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

ಬಾಡಿಗೆದಾರರಲ್ಲಿ ಬಲವಾಗಿ ಬೇರೂರಿರುವ ನಂಬಿಕೆ ಒಂದಿದೆ: ‘ತಿಂಗಳು ತಿಂಗಳು ಸರಿಯಾಗಿ ಬಾಡಿಗೆ ಕಟ್ಟುತ್ತಿದ್ದೇನೆ, ನನ್ನನ್ನು ಯಾರೂ ಎಬ್ಬಿಸುವ ಹಾಗಿಲ್ಲ.’ ಬಾಡಿಗೆ ಕಾಯ್ದೆಯ ವ್ಯಾಪ್ತಿಯಲ್ಲಿದ್ದರೆ ಈ ಮಾತಿಗೆ ಅರ್ಥವಿದೆ. ಅಲ್ಲಿ 27ನೇ ಕಲಂ ಹೇಳುವ ಕಾರಣಗಳಲ್ಲಿ ಒಂದನ್ನು ಮಾಲೀಕರು ಸಾಬೀತು ಮಾಡಲೇಬೇಕು. ಬಾಡಿಗೆ ಬಾಕಿಯೇ ಕಾರಣವಾದರೆ, ನೋಟಿಸ್ ತಲುಪಿ ಎರಡು ತಿಂಗಳಾದರೂ ಹಣ ಕಟ್ಟಿಲ್ಲ ಎಂದು ತೋರಿಸಬೇಕು. ಆದರೆ ಟಿ.ಪಿ. ಆ್ಯಕ್ಟ್‌ನಲ್ಲಿ ಕಾರಣವೇ ಬೇಕಿಲ್ಲ. ಮಗನ ಮದುವೆ, ಮನೆ ರಿಪೇರಿ ಅಂತೆಲ್ಲ ಸಬೂಬು ಹುಡುಕುವ ಅಗತ್ಯ ಮಾಲೀಕರಿಗಿಲ್ಲ. ತಿಂಗಳ ಬಾಡಿಗೆಯ ಮನೆಯಾದರೆ 106ನೇ ಕಲಂ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಸಾಕು. ದಿನ ಎಣಿಸುವುದು ನೋಟಿಸ್ ಕೈಸೇರಿದ ದಿನದಿಂದ. ಕರಾರು ಪತ್ರದಲ್ಲಿ ಎರಡು ತಿಂಗಳು ಎಂದು ಬರೆದಿದ್ದರೆ ಎರಡು ತಿಂಗಳೇ. ಅಕ್ಕಿ ಗಿರಣಿಯಂಥ ತಯಾರಿಕೆಯ ಉದ್ದೇಶಕ್ಕೆ ಅಥವಾ ಕೃಷಿಗೆ ಕೊಟ್ಟಿದ್ದು, ಬೇರೆ ಕರಾರಿಲ್ಲದಿದ್ದರೆ ಆರು ತಿಂಗಳು. ವಾಟ್ಸ್‌ಆ್ಯಪ್‌ನಲ್ಲಿ ‘ಮುಂದಿನ ತಿಂಗಳು ಮನೆ ಬಿಡಿ’ ಎಂದು ಕಳಿಸಿ ಸುಮ್ಮನಾಗುವವರು ಬಹಳ. ನೋಟಿಸ್‌ಗೆ ಸಹಿ ಬೇಕು, ಅದು ಅಂಚೆಯಲ್ಲಿ ಹೋಗಬೇಕು, ಇಲ್ಲವೇ ಬಾಡಿಗೆದಾರರ ಅಥವಾ ಅವರ ಮನೆಯವರ ಕೈಗೆ ಸೇರಬೇಕು. ಅದೂ ಆಗದಿದ್ದರೆ ಎದ್ದು ಕಾಣುವ ಹಾಗೆ ಬಾಗಿಲಿಗೆ ಅಂಟಿಸಲು ಕಾನೂನಿನಲ್ಲಿ ಅವಕಾಶವಿದೆ. ಅಂಚೆ ರಸೀದಿಯನ್ನೂ ಸ್ವೀಕೃತಿಯನ್ನೂ ತೆಗೆದಿಡಬೇಕು. ನೋಟಿಸ್ ತಲುಪಿದ್ದೇ ಸುಳ್ಳು ಎಂದು ಎದುರಿನವರು ಹೇಳುವುದು ಮಾಮೂಲು.

ಇನ್ನು ಮಾಲೀಕರ ಕಡೆಯ ದೊಡ್ಡ ತಪ್ಪು. ನೋಟಿಸ್ ಕೊಟ್ಟು ಗಡುವು ಮುಗಿಯಿತು, ಇನ್ನು ಮನೆ ನನ್ನದೇ ಎಂದು ಬೀಗ ಬದಲಿಸುವುದು, ಸಾಮಾನು ಜಗಲಿಗೆ ಎಳೆದು ಹಾಕುವುದು, ಮೋಟಾರಿನ ಸ್ವಿಚ್ ಆಫ್ ಮಾಡಿ ಟ್ಯಾಂಕಿಗೆ ನೀರು ನಿಲ್ಲಿಸುವುದು, ಮೆಸ್ಕಾಂ ಮೀಟರಿನ ಫ್ಯೂಸ್ ಕೀಳುವುದು. ಬಾಡಿಗೆ ಸಂಬಂಧ ಮುಗಿಯುವುದೇ ಬೇರೆ, ಮನೆ ಖಾಲಿ ಮಾಡಿಸುವುದೇ ಬೇರೆ. ಮೊದಲನೆಯದಕ್ಕೆ ನೋಟಿಸ್ ಸಾಕು. ಎರಡನೆಯದಕ್ಕೆ ಬಾಡಿಗೆದಾರರು ಒಪ್ಪಿ ಹೋಗಬೇಕು, ಇಲ್ಲವೇ ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ ಬೇಕು. ಡಿಕ್ರಿ ಸಿಕ್ಕ ಮೇಲೂ ಜಾರಿ ಅರ್ಜಿ ಹಾಕಿ, ಕೋರ್ಟಿನ ಅಮೀನ ಬಂದು ಸ್ವಾಧೀನ ಕೊಡಿಸಬೇಕು. ದಾವೆ ಹೂಡಿ ಡಿಕ್ರಿ ಪಡೆಯುವ ಈ ಕೆಲಸ ಪೊಲೀಸ್ ಠಾಣೆಯಲ್ಲಿ ಆಗುವಂಥದ್ದಲ್ಲ. ಠಾಣೆಗೆ ಕರೆಸಿ ‘ಇಷ್ಟು ದಿನದಲ್ಲಿ ಬಿಡುತ್ತೇನೆ’ ಎಂದು ಬರೆಸಿಕೊಂಡ ಮುಚ್ಚಳಿಕೆ ಡಿಕ್ರಿಯಾಗುವುದಿಲ್ಲ.

ಬಲವಂತವಾಗಿ ಹೊರಹಾಕಲ್ಪಟ್ಟವರಿಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ. ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ ದಾವೆ ಹೂಡಿದರೆ, ಆಸ್ತಿ ಯಾರದ್ದೆಂಬ ಪ್ರಶ್ನೆಗೆ ಹೋಗದೆಯೇ ಕೋರ್ಟು ಸ್ವಾಧೀನ ವಾಪಸ್ ಕೊಡಿಸಬಹುದು. ಆರು ತಿಂಗಳು ದಾಟಿದರೆ ಈ ದಾರಿ ಮುಚ್ಚುತ್ತದೆ. ಅದಕ್ಕೇ ಆ ದಿನವೇ ಬೀಗದ, ಸಾಮಾನಿನ ಫೋಟೊ ತೆಗೆದು, 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ವಕೀಲರ ಶುಲ್ಕಕ್ಕೆ ಕೈ ಎಟುಕದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಮಿಕರಿಗೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಹನ್ನೊಂದು ತಿಂಗಳ ಕರಾರಿನ ಬಗ್ಗೆ ಎರಡೂ ಕಡೆ ಗೊಂದಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಈ ಹನ್ನೊಂದು. ಛಾಪಾ ಕಾಗದದ ಮೇಲೆ ನೋಟರಿ ಮೊಹರು ಬಿದ್ದರೆ ನೋಂದಣಿಯಾದಂತೆ ಎಂದು ತಿಳಿಯುವುದು ತಪ್ಪು. ಛಾಪಾ ಶುಲ್ಕ ಕಡಿಮೆಯಿದ್ದರೆ, ಪತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಮೊದಲು ಕೋರ್ಟು ಬಾಕಿ ಶುಲ್ಕದ ಜೊತೆ ಹತ್ತು ಪಟ್ಟು ದಂಡ ಕಟ್ಟಿಸುತ್ತದೆ. ಹನ್ನೊಂದು ತಿಂಗಳು ಮುಗಿದರೂ ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತ ಹೋದರೆ, ಟಿ.ಪಿ. ಆ್ಯಕ್ಟಿನ 116ನೇ ಕಲಂ ಪ್ರಕಾರ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಬಿಡಿಸಲು ಮತ್ತೆ ನೋಟಿಸ್ ಬೇಕು. ನೋಟಿಸ್ ಗಡುವು ಮುಗಿದ ಮೇಲೆ ಫೋನ್‌ಪೇನಲ್ಲಿ ಬಂದ ಹಣವನ್ನು ‘ಬಾಡಿಗೆ’ ಎಂದು ಸುಮ್ಮನೆ ಇಟ್ಟುಕೊಂಡರೆ, ನೋಟಿಸ್ ಕೈಬಿಟ್ಟಿದ್ದಾರೆ ಎಂದು 113ನೇ ಕಲಂ ಹಿಡಿದು ವಾದಿಸಲು ಎದುರಿನವರಿಗೆ ದಾರಿಯಾಗುತ್ತದೆ. ಅದನ್ನು ಬಳಕೆಯ ನಷ್ಟಪರಿಹಾರವಾಗಿ ಸ್ವೀಕರಿಸಿದ್ದೇವೆ, ನೋಟಿಸ್ ಹಾಗೇ ಇದೆ ಎಂದು ಕೂಡಲೇ ಬರೆದು ತಿಳಿಸಬೇಕು. ಬಾಡಿಗೆದಾರರಿಗೂ ಇಲ್ಲಿ ಅಪಾಯವಿದೆ: ಗಡುವಿನ ನಂತರ ಉಳಿದ ತಿಂಗಳುಗಳಿಗೆ ಹಳೇ ಬಾಡಿಗೆಯನ್ನಲ್ಲ, ಆ ಬೀದಿಯ ಈಗಿನ ದರವನ್ನು ಕಟ್ಟಿ ಎಂದು ಕೋರ್ಟು ಹೇಳಬಹುದು.

ಮಲೆನಾಡಿನ ಮಾಲೀಕರಿಗೆ ಒಂದು ಭಯವಿದೆ, ಅದಕ್ಕೆ ಚರಿತ್ರೆಯ ಬೇರೂ ಇದೆ. ಗೇಣಿದಾರ ರೈತರ ಹೋರಾಟವಾದ 1951ರ ಕಾಗೋಡು ಸತ್ಯಾಗ್ರಹ ಇದೇ ಸಾಗರ ತಾಲೂಕಿನದು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಡಿಕ್ಲರೇಷನ್ ಹಾಕಿ ಉಳುವ ಭೂಮಿಗೆ ಒಡೆಯರಾದರು, ಅದು ನ್ಯಾಯವೇ. ಆದರೆ ಅದರ ನೆನಪಿನಲ್ಲೇ ‘ಹನ್ನೆರಡು ವರ್ಷ ಇದ್ದರೆ ಬಾಡಿಗೆಯವರೇ ಮನೆ ಮಾಲೀಕರಾಗುತ್ತಾರೆ’ ಎಂದು ಪೇಟೆಯ ಮನೆಗೂ ಹೆದರುವುದಕ್ಕೆ ಕಾರಣವಿಲ್ಲ. ಆ ಕಾನೂನು ಸಾಗುವಳಿ ಜಮೀನಿನದು. ಬಾಡಿಗೆದಾರರು ಮಾಲೀಕರ ಒಪ್ಪಿಗೆಯಿಂದಲೇ ಇರುವವರು. ಮೂವತ್ತು ವರ್ಷವಿದ್ದರೂ ಬರೀ ವರ್ಷಗಳ ಬಲದ ಮೇಲೆ ಹಕ್ಕು ಹುಟ್ಟುವುದಿಲ್ಲ. ಹನ್ನೆರಡು ವರ್ಷದ ಲೆಕ್ಕ ಇರುವುದು ಬೇರೆಡೆ: ಬಾಡಿಗೆ ಸಂಬಂಧ ಕೊನೆಗೊಂಡ ದಿನದಿಂದ ಹನ್ನೆರಡು ವರ್ಷದೊಳಗೆ ಮಾಲೀಕರು ಸ್ವಾಧೀನದ ದಾವೆ ಹೂಡಬೇಕು.

ಮನೆ ಮಾರಾಟವಾದರೆ ಬಾಡಿಗೆ ತಾನಾಗಿ ರದ್ದಾಗುವುದಿಲ್ಲ, ಕೊಂಡವರು ಹಳೇ ಮಾಲೀಕರ ಜಾಗಕ್ಕೆ ಬರುತ್ತಾರೆ ಅಷ್ಟೆ. ಭೋಗ್ಯಕ್ಕೆ ಮನೆ ಹಿಡಿದವರು ಮಾತ್ರ ಇನ್ನೂ ಎಚ್ಚರವಾಗಿರಬೇಕು. ಐದೋ ಎಂಟೋ ಲಕ್ಷ ಕೊಟ್ಟು, ನೋಂದಣಿಯಿಲ್ಲದ ಕಾಗದ ಹಿಡಿದು ಕೂತಾಗ ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಅಡಮಾನವಿದ್ದರೆ, ಸಾಲ ಕಟ್ಟದ ಮಾಲೀಕರಿಗಾಗಿ ಬ್ಯಾಂಕು ಬಂದಾಗ ನಿಮ್ಮ ಹಕ್ಕು ತೀರಾ ದುರ್ಬಲ. ಹಣ ಕೊಡುವ ಮೊದಲು ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ, ಮೂಲ ಪತ್ರಗಳು ಯಾರ ಬಳಿ ಇವೆ ಎಂದು ಕೇಳಿ, ಭೋಗ್ಯ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲೇ ನೋಂದಾಯಿಸಿ.

ಅಡ್ವಾನ್ಸ್ ವಿಷಯಕ್ಕೆ ಮಲೆನಾಡಿನ ಮಳೆಯೂ ಸೇರಿಕೊಳ್ಳುತ್ತದೆ. ಆಷಾಢ ಕಳೆಯುವಷ್ಟರಲ್ಲಿ ಗೋಡೆಗೆ ಬೂಸಲು ಹಿಡಿಯುವುದು ಬಾಡಿಗೆದಾರರು ಮಾಡಿದ ಹಾನಿಯಲ್ಲ. ಸಹಜ ಸವೆತಕ್ಕೆ ಅವರು ಹೊಣೆಯಲ್ಲ ಎಂದು ಟಿ.ಪಿ. ಆ್ಯಕ್ಟಿನ 108ನೇ ಕಲಂ ಹೇಳುತ್ತದೆ. ಹಾಗೆಂದು ಕೊನೆಯ ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ ಎನ್ನಲು ಬಾಡಿಗೆದಾರರಿಗೆ ಹಕ್ಕಿಲ್ಲ, ಕರಾರಿನಲ್ಲಿ ಬರೆದಿದ್ದರೆ ಮಾತ್ರ ಸರಿ. ಮನೆ ಸೇರುವ ದಿನವೂ ಬಿಡುವ ದಿನವೂ ಪ್ರತಿ ಕೋಣೆಯ ಗೋಡೆ, ಹೆಂಚಿನ ಮಾಡು, ಬಚ್ಚಲು, ಮೀಟರಿನ ಅಂಕಿ ಫೋಟೊದಲ್ಲಿರಲಿ. ಬೀಗದ ಕೈ ಒಪ್ಪಿಸುವಾಗ ದಿನಾಂಕ ಹಾಕಿ, ಅಡ್ವಾನ್ಸ್ ಎಷ್ಟು ವಾಪಸ್ ಬಂತು ಎಂದು ಬರೆದು ಇಬ್ಬರೂ ಸಹಿ ಮಾಡಿ, ಇಬ್ಬರ ಬಳಿಯೂ ಒಂದೊಂದು ಪ್ರತಿ ಇಟ್ಟುಕೊಳ್ಳಿ.