ಹಿಂಡಿಯ ಡಬ್ಬಿಯ ಮುಚ್ಚಳ

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಕೊಪ್ಪಳದ ನಮ್ಮ ಮನೆಯಲ್ಲಿ ನಾನೊಬ್ಬಳೇ 40 ಸಜ್ಜೆ ರೊಟ್ಟಿ ಬಡಿದೆ. 63ರ ವಯಸ್ಸಿನಲ್ಲಿ ಇದು ಸಣ್ಣ ಮಾತಲ್ಲವೆಂಬ ಹೆಮ್ಮೆಯಲ್ಲೇ ಕೈ ತೊಳೆದು, ಹೊಲಕ್ಕೆ ಒಯ್ಯುವ ಬುತ್ತಿಗೆಂದು ಶೇಂಗಾ ಹಿಂಡಿಯ ಡಬ್ಬಿಯನ್ನು ಎತ್ತಿಕೊಂಡೆ. ಮುಚ್ಚಳ ತಿರುಗಿಸಿದ ಕೂಡಲೇ ಬಲ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿಗೆ ಸೇರುವ ಕಡೆ, ಚಳಕು ಹೊಡೆದು ಡಬ್ಬಿ ಕೈಜಾರಿತು.

"ಎಷ್ಟು ದಿವ್ಸದಿಂದ ಹಿಂಗ ಆಗಾಕತ್ತೈತ್ರಿ, ಅತ್ತಿ?" ಎಂದಳು ಸೊಸೆ. ಉತ್ತರಿಸಲು ಮುಜುಗರವಾಯಿತು. ಮಳೆಗಾಲದಿಂದಲೂ ಬೀಗ ತೆಗೆಯುವಾಗ, ಒದ್ದೆ ಸೀರೆ ಹಿಂಡುವಾಗ ಇದೇ ನೋವು ಬರುತ್ತಿದ್ದರೂ, ರೊಟ್ಟಿ ಬಡಿಯುವ ಕೈಗೆ ಏನಾದೀತು ಎಂದು ಸುಮ್ಮನಿದ್ದವಳು ನಾನೇ.

ಹಬ್ಬ ಮುಗಿಸಿ ಎಲುಬಿನ ಡಾಕ್ಟರ ಬಳಿ ಹೋದೆವು. ಅವರು ಹೆಬ್ಬೆರಳಿನ ಬುಡವನ್ನು ಒತ್ತಿ, ಮೆಲ್ಲನೆ ತಿರುವಿ ನೋಡಿ, ಎಕ್ಸ್‌ರೇ ತೆಗೆಸಿದರು. ಉಳಿದ ಕೀಲುಗಳ ನಡುವೆ ಕಪ್ಪು ಗೆರೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ಇಲ್ಲಿ ಮಾತ್ರ ಎಲುಬಿಗೆ ಎಲುಬು ಅಂಟಿಕೊಂಡಂತಿತ್ತು. ಆ ಕೀಲಿನ ಎಲುಬುಗಳು ಕುದುರೆಯ ಜೀನಿನಂತೆ ಬಾಗಿ ಒಂದರ ಮೇಲೊಂದು ಕೂತಿರುವುದರಿಂದಲೇ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ನಿಲ್ಲಬಲ್ಲದು. ವಯಸ್ಸಾದಂತೆ ಎಲುಬುಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ ಸವೆಯುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಬೆರಳತುದಿಯಲ್ಲಿ 1 ಕಿಲೋ ಬಲದಿಂದ ಚಿವುಟಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಒತ್ತಡ ಬೀಳುತ್ತದೆಯೆಂದು ಡಾಕ್ಟರು ಹೇಳಿದಾಗ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ರೊಟ್ಟಿ ಬಡಿಯುವುದು ಅಂಗೈ. ಕೀಲನ್ನು ನೋಯಿಸುತ್ತಿದ್ದದ್ದು ಮುಚ್ಚಳ, ಕೀಲಿಕೈ, ಮೆಂತ್ಯೆ ಸೊಪ್ಪು ಬಿಡಿಸುವುದು, ಅಂದರೆ ನಾನು ಕೆಲಸವೆಂದೇ ಎಣಿಸದಿದ್ದ ಕೆಲಸಗಳು.

ಸವೆದದ್ದು ಮರಳಿ ಬರುವುದಿಲ್ಲವೆಂದು ಅವರು ನೇರವಾಗಿಯೇ ಹೇಳಿ, ಕೆಲಸದ ಹೊತ್ತಿನಲ್ಲಿ ಹೆಬ್ಬೆರಳನ್ನು ಅಲುಗದಂತೆ ಹಿಡಿಯುವ ಪಟ್ಟಿಯೊಂದನ್ನು ಕೊಟ್ಟರು. ಬೆಳಗಿನ ಬಿಗಿತಕ್ಕೆ ಬಿಸಿನೀರಿನಲ್ಲಿ ಕೈ ಅದ್ದಿಟ್ಟುಕೊಳ್ಳುತ್ತೇನೆ. ಸೌಟಿನ ಹಿಡಿಕೆಗೆ ಹಳೆಯ ಅರಿವೆ ಸುತ್ತಿ ದಪ್ಪ ಮಾಡಿದ್ದೇನೆ. ಸೀರೆಯನ್ನು ನಲ್ಲಿಗೆ ಸುತ್ತಿ ಎರಡೂ ಅಂಗೈಗಳಿಂದ ಹಿಂಡುತ್ತೇನೆ; ಮುಚ್ಚಳವನ್ನೂ ಅಂಗೈಯಿಂದ ಒತ್ತಿಯೇ ತಿರುಗಿಸುತ್ತೇನೆ. ಮೊದಮೊದಲು ಪಟ್ಟಿ ಕಂಡವರೆಲ್ಲ ಎಲ್ಲಿ ಬಿದ್ದೆಯೆಂದು ಕೇಳುತ್ತಿದ್ದುದು ಮಾತ್ರ ನೋವಿಗಿಂತ ಹೆಚ್ಚು ಬೇಸರ ತಂದಿತು.

ಈಗ ಹಿಟ್ಟು ನಾದುವುದು ಸೊಸೆ, ಪಟ್ಟಿ ಬಿಚ್ಚಿಟ್ಟು ಬಡಿಯುವುದು ನಾನು. ಅವಳು ನಾದಿದ ಹಿಟ್ಟು ತುಸು ಗಟ್ಟಿಯಾಗಿ ರೊಟ್ಟಿಯ ಅಂಚು ಸೀಳುತ್ತದೆ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ.